ನ್ಯಾಷನಲ್ ಪಾರ್ಕ್: ಐದು ಪಾರ್ಕ್ ಸುತ್ತೋದಾ, ಒಂದರಲ್ಲೇ ಉಳಿಯೋದಾ?

ತುಂಗಾತೀರ

ಊರಿಂದ ಅಪ್ಪ ಅಮ್ಮ ಬರ್ತಿದ್ದಾರೆ, ಒಂದು ವಾರ ರಜೆ ಇದೆ, ಯಾವ್ಯಾವ ನ್ಯಾಷನಲ್ ಪಾರ್ಕ್ ಸೇರಿಸಬಹುದು? ಬೇಸಿಗೆ ಹತ್ತಿರ ಬಂದಾಗಲೆಲ್ಲ ಅಮೆರಿಕದಲ್ಲಿರುವ ನಮ್ಮ ಈ ಗುಂಪಿನಲ್ಲಿ ಯಾರಾದರೂ ಹೀಗೆ ಕೇಳುತ್ತಾರೆ. ಕೂಡಲೇ ಐದು ಪಾರ್ಕಿನ ಪಟ್ಟಿ ಬರುತ್ತದೆ. ಬೆಳಗ್ಗೆ ಇಲ್ಲಿ, ಮಧ್ಯಾಹ್ನ ಅಲ್ಲಿ, ರಾತ್ರಿ ಪೂರ್ತಿ ಡ್ರೈವ್. ನನಗೆ ಅದು ಸರಿ ಅನ್ನಿಸುವುದಿಲ್ಲ. ಒಂದೇ ಪಾರ್ಕ್ ಆರಿಸಿಕೊಳ್ಳಿ, ಅಲ್ಲೇ ಉಳಿಯಿರಿ ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ.

ಯೆಲ್ಲೋಸ್ಟೋನನ್ನೇ ನೋಡಿ. 1872ರಲ್ಲಿ ಅಧ್ಯಕ್ಷ ಗ್ರಾಂಟ್ ಸಹಿ ಹಾಕಿ ಶುರುವಾದ ಪಾರ್ಕ್. ಸುಮಾರು 9,000 ಚದರ ಕಿ.ಮೀ., ನಮ್ಮ ಶಿವಮೊಗ್ಗ ಜಿಲ್ಲೆಗಿಂತ ದೊಡ್ಡದು. ಬಂದವರಲ್ಲಿ ಹೆಚ್ಚಿನವರು ಓಲ್ಡ್ ಫೇತ್‌ಫುಲ್ ಅನ್ನುವ ಗೈಸರ್ (ನೆಲದೊಳಗಿಂದ ಆಗಾಗ ಚಿಮ್ಮುವ ಬಿಸಿನೀರಿನ ಬುಗ್ಗೆ) ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. ನೀರು ಚಿಮ್ಮುತ್ತದೆ, ವೀಡಿಯೊ ಆಗುತ್ತದೆ, ಎಲ್ಲರೂ ಎದ್ದು ಪಾರ್ಕಿಂಗ್ ಕಡೆ ಹೋಗುತ್ತಾರೆ. ಅದರ ಹಿಂದೆ ಹಲಗೆ ಹಾಸಿದ ದಾರಿ ಇದೆ. ಸುಮಾರು ಒಂದು ಚದರ ಮೈಲಿ ಜಾಗದಲ್ಲಿ ಕಡಿಮೆ ಅಂದರೂ 150 ಬಿಸಿನೀರಿನ ಬುಗ್ಗೆ, ಕುಂಡ, ಗೈಸರ್‌ಗಳಿವೆ. ಅಲ್ಲಿಗೆ ಹೋಗುವವರು ಬಹಳ ಕಡಿಮೆ.

ನಾವು ಅಮ್ಮನ ಜೊತೆ ಆ ದಾರಿಯಲ್ಲಿ ನಿಧಾನವಾಗಿ ನಡೆದೆವು. ಅಮ್ಮನಿಗೆ ಮಂಡಿ ನೋವು, ಆದರೆ ದಾರಿ ಬಹುಪಾಲು ಸಮತಟ್ಟು. ರಿವರ್‌ಸೈಡ್ ಅನ್ನುವ ಗೈಸರ್ ಇದೆ. ಫೈರ್‌ಹೋಲ್ ನದಿಯ ದಡದಲ್ಲೇ ಇದ್ದು, ನೀರು ಓರೆಯಾಗಿ ಚಿಮ್ಮಿ ನದಿಯ ಮೇಲೆ ಬೀಳುತ್ತದೆ. ಆರು ಗಂಟೆಗೊಮ್ಮೆ ಅಂತ ಇಟ್ಟುಕೊಳ್ಳಿ, ಸ್ವಲ್ಪ ಹಿಂದೆ ಮುಂದೆ. ಅಂದಾಜು ಸಮಯವನ್ನು ವಿಸಿಟರ್ ಸೆಂಟರ್‌ನಲ್ಲಿ ಬರೆದಿರುತ್ತಾರೆ. ಕಾಯುತ್ತಾ ಕೂತವರೆಲ್ಲ ಮಾತಿಗೆ ಸಿಗುತ್ತಾರೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಮೊಂಟಾನಾದ ಹೆಂಗಸು ಒಬ್ಬರು ಅವರಿಗೆ ಕೈಸನ್ನೆಯಲ್ಲೇ ಎಲ್ಲವನ್ನೂ ವಿವರಿಸಿದರು. ಚಿಮ್ಮಲು ಶುರುವಾಗುವ ಮುಂಚೆ ಗೈಸರ್ ಬಾಯಿಂದ ನೀರು ಹೊರಗೆ ಸುರಿಯತೊಡಗುತ್ತದೆ ಅಂತ ಮೊದಲು ನನಗೆ ಹೇಳಿದ್ದೇ ಅಮ್ಮ. ಅವರಿಗೆ ಅದು ಹೇಗೋ ಗೊತ್ತಾಗಿಬಿಟ್ಟಿತ್ತು.

ಪಾರ್ಕ್ ಸಮುದ್ರಮಟ್ಟದಿಂದ ಬಹಳ ಎತ್ತರದಲ್ಲಿದೆ, ಹಾಗಾಗಿ ಅಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಕಾಲ ಕೆಳಗಿನ ನೆಲ ಕೆಲವು ಕಡೆ ತೆಳುವಾದ ಪದರ ಅಷ್ಟೇ. ಹಲಗೆ ಬಿಟ್ಟು ಇಳಿಯಬೇಡಿ ಅನ್ನುವುದು ಅದಕ್ಕೇ. ಇಳಿದವರು ಪ್ರಾಣ ಕಳೆದುಕೊಂಡಿದ್ದಾರೆ. ಮಕ್ಕಳ ಕೈ ಬಿಡಬೇಡಿ.

ಅದೇ ದಾರಿಯ ಕೊನೆಗೆ ಮಾರ್ನಿಂಗ್ ಗ್ಲೋರಿ ಅನ್ನುವ ಕುಂಡ ಸಿಗುತ್ತದೆ. ಮೊದಲು ಪೂರ್ತಿ ನೀಲಿ ಇತ್ತಂತೆ. ಜನ ನಾಣ್ಯ, ಕಸ ಎಸೆದೆಸೆದು ಒಳಗಿನ ಬಿಸಿನೀರಿನ ದಾರಿ ಕಟ್ಟಿಕೊಂಡಿತು. ನೀರು ತಣ್ಣಗಾಗುತ್ತಾ ಬಂದ ಹಾಗೆ ಅಂಚಿನ ಹಳದಿ, ಕಿತ್ತಳೆ ಬಣ್ಣದ ಸೂಕ್ಷ್ಮಜೀವಿಗಳು ನಡುವಿಗೆ ಹರಡಿದವು. ನೋಡಲು ಈಗಲೂ ಚಂದವೇ. ಆದರೆ ಕಾರಣ ಗೊತ್ತಾದ ಮೇಲೆ ನನಗೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಮನಸ್ಸಾಗಲಿಲ್ಲ.

ಇನ್ನೊಂದು ಹೇಳಲೇಬೇಕು. ಬೆಳಕು ಹರಿಯುವ ಮುಂಚೆ ಲಮಾರ್ ಕಣಿವೆಗೆ ಹೋಗಿ. ಯೆಲ್ಲೋಸ್ಟೋನಿನ ತೋಳಗಳನ್ನು 1926ರ ಹೊತ್ತಿಗೆ ಕೊಂದು ಮುಗಿಸಿದ್ದರು. 1995ರಲ್ಲಿ ಕೆನಡಾದಿಂದ ತಂದು ಮತ್ತೆ ಬಿಟ್ಟರು. ಅವನ್ನು ನೋಡಲೆಂದೇ ಬರುವ ಒಂದು ಗುಂಪು ಇದೆ. ರಸ್ತೆ ಬದಿಯಲ್ಲಿ ದೊಡ್ಡ ದುರ್ಬೀನು ನೆಟ್ಟುಕೊಂಡು ಚಳಿಯಲ್ಲಿ ನಿಂತಿರುತ್ತಾರೆ. ಯಾರು ಹೋದರೂ ಬನ್ನಿ, ನೋಡಿ ಅಂತ ಜಾಗ ಬಿಟ್ಟುಕೊಡುತ್ತಾರೆ. ತಮ್ಮ ಕಣ್ಣಿಗೆ ಬಿದ್ದದ್ದು ಎಲ್ಲರ ಕಣ್ಣಿಗೂ ಬೀಳಲಿ ಅನ್ನುವ ಆಸೆ ಅವರದು. ಇಂಥದ್ದು ಓಡಾಟದ ಪಟ್ಟಿಯಲ್ಲಿ ಸಿಗುವುದಿಲ್ಲ. ಓಲ್ಡ್ ಫೇತ್‌ಫುಲ್‌ನಿಂದ ಅಲ್ಲಿಗೆ ಎರಡು ಗಂಟೆಗೂ ಮೇಲೆ ಬೇಕು. ಪಾರ್ಕಿನಲ್ಲೇ ಉಳಿದವರಿಗೆ ಮಾತ್ರ ಇದು ಆಗುವ ಮಾತು.

ಬಯಲುಸೀಮೆ

ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ ನಾನು ಒಪ್ಪುವುದಿಲ್ಲ. ನಮ್ಮ ಅಪ್ಪ ರಾಯಚೂರಿನಲ್ಲಿ ಮೇಷ್ಟ್ರಾಗಿದ್ದವರು. ಅವರ ವಯಸ್ಸಿಗೆ ಮತ್ತೆ ಇಷ್ಟು ದೂರ ವಿಮಾನದಲ್ಲಿ ಬರುವುದು ಕಷ್ಟ. ಬಂದಾಗಲೇ ಆದಷ್ಟು ತೋರಿಸಬೇಕು ಅಂತ ನನಗೆ. ನಾವು ಯೂಟಾದಲ್ಲಿ ಜಯಾನ್, ಬ್ರೈಸ್, ಆರ್ಚಸ್ ಎಲ್ಲ ಒಂದೇ ಓಟದಲ್ಲಿ ನೋಡಿದೆವು. ಅಪ್ಪ ಒಂದು ದಿನವೂ ದಣಿವು ಅನ್ನಲಿಲ್ಲ. ಕಾರಿನಲ್ಲಿ ಕೂತು ಕಲ್ಲಿನ ಬಣ್ಣ ಬದಲಾಗುವುದನ್ನು ನೋಡುತ್ತಾ ಹೋದರು. ಬಯಲು ನೋಡಿ ಬೆಳೆದವರಿಗೆ ಆ ಖಾಲಿ ರಸ್ತೆಯೇ ಒಂದು ಖುಷಿ. ಪಾರ್ಕಿಗಿಂತ ನಡುವಿನ ದಾರಿಯನ್ನೇ ಜಾಸ್ತಿ ನೆನೆಸಿಕೊಳ್ಳುತ್ತಾರೆ.

ಜಯಾನ್ ಬಗ್ಗೆ ಒಂದು ಮಾತು. 2000ದಿಂದ ಅಲ್ಲಿ ಕಣಿವೆಯೊಳಗೆ ಶಟಲ್ ಬಸ್ ಓಡಿಸುತ್ತಾರೆ. ಬಸ್ ಓಡುವ ತಿಂಗಳುಗಳಲ್ಲಿ ಸ್ವಂತ ಕಾರು ಒಳಗೆ ಬಿಡುವುದಿಲ್ಲ. ನಡೆಯಲಾಗದವರೂ ಬಸ್ಸಿನಲ್ಲೇ ಕೂತು ಕೊನೆಯವರೆಗೂ ಹೋಗಿ ಬರಬಹುದು. ಹಾರ್ನ್ ಇಲ್ಲ, ಪಾರ್ಕಿಂಗಿಗೆ ಜಗಳ ಇಲ್ಲ. ಅಪ್ಪನಿಗೆ ಇದು ತುಂಬಾ ಹಿಡಿಸಿತು.

ಒಂದೇ ಕಡೆ ಇದ್ದರೆ ವಯಸ್ಸಾದವರಿಗೆ ಬೇಜಾರಾಗಲ್ವಾ?

ಕಲ್ಲುಬಂಡೆ

ಬೇಜಾರಾಗುವುದಿಲ್ಲ, ಸರಿಯಾದ ಜಾಗ ಆರಿಸಿದರೆ. ಗ್ರ್ಯಾಂಡ್ ಕ್ಯಾನಿಯನ್ ದಕ್ಷಿಣ ಅಂಚಿನಲ್ಲಿ 'ಟ್ರೇಲ್ ಆಫ್ ಟೈಮ್' ಅಂತ ಒಂದು ದಾರಿ ಇದೆ. ಡಾಂಬರು ದಾರಿ, ವೀಲ್‌ಚೇರ್ ಕೂಡ ಹೋಗುತ್ತದೆ. ಅಲ್ಲಿ ಒಂದು ಮೀಟರ್ ಅಂದರೆ ಹತ್ತು ಲಕ್ಷ ವರ್ಷ. ನೆಲದಲ್ಲಿ ಕಂಚಿನ ಗುರುತು ಕೂರಿಸಿದ್ದಾರೆ. ಕಣಿವೆಯ ಆಳದಿಂದ ತಂದ ಕಲ್ಲುಗಳನ್ನು ಅವುಗಳ ವಯಸ್ಸಿಗೆ ತಕ್ಕ ಜಾಗದಲ್ಲಿ ನಿಲ್ಲಿಸಿದ್ದಾರೆ. ಮುಟ್ಟಿ ನೋಡಬಹುದು.

ಕಣಿವೆಯ ಎಲ್ಲಕ್ಕಿಂತ ಮೇಲಿನ ಪದರ ಕೈಬಾಬ್ ಸುಣ್ಣಕಲ್ಲು, ಸುಮಾರು 27 ಕೋಟಿ ವರ್ಷದ್ದು. ಅಂದರೆ 270 ಮೀಟರ್ ನಡೆದರೆ ಅದು ಸಿಗುತ್ತದೆ. ಅಲ್ಲಿಂದ ನಡೆಯುತ್ತಾ ಹೋಗಬೇಕು. ಕಣಿವೆಯ ತಳದ ನದಿ ಪಕ್ಕದ ಕಪ್ಪು ಕಲ್ಲು ಬರಲು ಇನ್ನೂ ಒಂದೂವರೆ ಕಿಲೋಮೀಟರ್ ಬೇಕು. ಆ ಕಪ್ಪು ಕಲ್ಲಿಗೆ ವಿಷ್ಣು ಶಿಸ್ಟ್ ಅಂತ ಹೆಸರು. ಒಳಗೆ ಎದ್ದು ನಿಂತಿರುವ ಶಿಖರಗಳಿಗೂ ವಿಷ್ಣು ಟೆಂಪಲ್, ಬ್ರಹ್ಮ ಟೆಂಪಲ್, ಶಿವ ಟೆಂಪಲ್ ಅಂತಲೇ ಹೆಸರು. 1880ರ ದಶಕದಲ್ಲಿ ಕ್ಲಾರೆನ್ಸ್ ಡಟನ್ ಅನ್ನುವ ಭೂವಿಜ್ಞಾನಿ ಶುರು ಮಾಡಿದ ಪದ್ಧತಿ ಅದು. ನಮ್ಮ ಮಾವನವರು ನಕ್ಷೆ ಹಿಡಿದು ಒಂದೊಂದನ್ನೇ ಗುರುತಿಸುತ್ತಾ ಇಡೀ ಮಧ್ಯಾಹ್ನ ಕೂತಿದ್ದರು. ವಿಷ್ಣು ಸಿಕ್ಕಿದ, ಬ್ರಹ್ಮ ಎಲ್ಲಿ ಅಂತ ಮೊಮ್ಮಗನನ್ನು ಕೇಳುತ್ತಾ.

ನನಗೆ ಅದಕ್ಕಿಂತ ಹಿಡಿಸಿದ್ದು ಬೇರೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದು. ಕ್ಯಾನಿಯನ್ನಿನ ಅತಿ ಹಳೆಯ ಕಲ್ಲು 184 ಕೋಟಿ ವರ್ಷದ್ದು. ಆ ದಾರಿಯಲ್ಲಿ ಲಾಲ್‌ಬಾಗ್ ಬಂಡೆ ಇಡಬೇಕಾದರೆ ಇನ್ನೂ ಒಂದು ಕಿಲೋಮೀಟರಿಗಿಂತ ಜಾಸ್ತಿ ಮುಂದೆ ಹೋಗಬೇಕು. ಇದನ್ನು ಹೇಳಿದಾಗ ಮಾವನವರು ಎದ್ದು ನಿಂತುಬಿಟ್ಟರು. ವರ್ಷಗಟ್ಟಲೆ ಬೆಳಗ್ಗೆ ವಾಕಿಂಗ್ ಹೋಗಿ ಕೂರುತ್ತಿದ್ದ ಬಂಡೆ ಅದು. ಅದರ ವಯಸ್ಸು ಅವರಿಗೆ ತಿಳಿದದ್ದು ಅರಿಜೋನಾದಲ್ಲಿ. ಲಾಲ್‌ಬಾಗಿನಲ್ಲೂ ಫಲಕ ಇದೆ. ಆದರೆ ಹತ್ತು ಲಕ್ಷ ವರ್ಷ ಅಂದರೆ ಎಷ್ಟು ಅಂತ ಕಾಲಿಗೆ ತಿಳಿಯುವ ಹಾಗೆ ಮಾಡಿದ್ದು ಇಲ್ಲಿ. ಇಂಥ ಕೆಲಸ ನಮ್ಮಲ್ಲೂ ಆಗಬೇಕು ಅಂತ ನಿಜವಾಗಿ ಆಸೆ ನನಗೆ.

ಇಳಿದು ಹೋಗುವವರಿಗೆ ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ಮೇಲೆ ಹಿತವಾಗಿದ್ದರೂ ಕೆಳಗೆ 40 ಡಿಗ್ರಿ ದಾಟುತ್ತದೆ. ಇಳಿಯುವುದು ಸುಲಭ, ಹತ್ತಲು ಎರಡರಷ್ಟು ಹೊತ್ತು ಬೇಕು. ಒಂದೇ ದಿನದಲ್ಲಿ ನದಿಯವರೆಗೆ ಹೋಗಿ ವಾಪಸ್ ಬರಲು ಹೋಗಬೇಡಿ.

ಕಪಿಲಾ

ಈ ಚರ್ಚೆಯಲ್ಲಿ ಯಾರೂ ಇನ್ನೂ ಮುಟ್ಟದ ಒಂದು ವಿಷಯ. ಈ ಪಾರ್ಕುಗಳನ್ನು ಯಾರೂ ಇಲ್ಲದ ಕಾಡು ಅಂತ ನೋಡಿ ಬರುತ್ತೇವೆ. ಅಲ್ಲಿ ಜನ ಇದ್ದರು.

ನಾನು ಎಚ್.ಡಿ. ಕೋಟೆ ಕಡೆಯವಳು. ನಾಗರಹೊಳೆಯಿಂದ ಹೊರಗೆ ಬಂದ ಜೇನುಕುರುಬರ ಹಾಡಿಗಳನ್ನು ನೋಡುತ್ತಾ ಬೆಳೆದಿದ್ದೇನೆ. ಹಾಗಾಗಿ ಕ್ಯಾಲಿಫೋರ್ನಿಯಾದ ಯೊಸೆಮಿಟಿಗೆ ಹೋದಾಗ ನನ್ನ ಕಣ್ಣು ಹುಡುಕಿದ್ದು ಬೇರೆಯದನ್ನು. ಆ ಕಣಿವೆಯಲ್ಲಿ ಅಹ್ವಾನೀಚೀ ಜನ ಇದ್ದರು. 1851ರಲ್ಲಿ ಮಾರಿಪೋಸಾ ಬೆಟಾಲಿಯನ್ ಅನ್ನುವ ಪಡೆ ನುಗ್ಗಿ ಅವರನ್ನು ಓಡಿಸಿತು. 1864ರಲ್ಲಿ ಲಿಂಕನ್ ಆ ಕಣಿವೆಯನ್ನು ಕಾಪಾಡುವ ಕಾನೂನಿಗೆ ಸಹಿ ಹಾಕಿದರು. 1890ರಲ್ಲಿ ಸುತ್ತಲಿನ ಪ್ರದೇಶ ನ್ಯಾಷನಲ್ ಪಾರ್ಕ್ ಆಯಿತು, 1906ರಲ್ಲಿ ಕಣಿವೆಯೂ ಅದಕ್ಕೆ ಸೇರಿತು. ಕೆಲವು ಕುಟುಂಬಗಳು ವಾಪಸ್ ಬಂದು ಪಾರ್ಕಿನ ಕೆಲಸ ಮಾಡಿಕೊಂಡು ಅಲ್ಲೇ ಇದ್ದವು. 1969ರಲ್ಲಿ ಅವರ ಕೊನೆಯ ಮನೆಗಳನ್ನೂ ಬೆಂಕಿ ನಂದಿಸುವ ಅಭ್ಯಾಸದ ಹೆಸರಿನಲ್ಲಿ ಸುಟ್ಟರು. 1969 ಅಂದರೆ ನಮ್ಮ ಅಮ್ಮ ಶಾಲೆಗೆ ಹೋಗುತ್ತಿದ್ದ ಕಾಲ. ಹಳೆಯ ಇತಿಹಾಸ ಅಂತ ಪಕ್ಕಕ್ಕಿಡಲು ನನ್ನಿಂದ ಆಗಲಿಲ್ಲ.

2018ರಲ್ಲಿ ಒಂದು ಒಪ್ಪಂದ ಆಯಿತು. ಅದೇ ಜಾಗದಲ್ಲಿ ವಾಹೋಗಾ ಅನ್ನುವ ಊರನ್ನು ಮತ್ತೆ ಕಟ್ಟಿಕೊಳ್ಳಲು ಅವರಿಗೆ ಅನುಮತಿ ಸಿಕ್ಕಿತು. ತಡವಾಗಿ ಆದರೂ ಆಯಿತಲ್ಲ. ನಮ್ಮಲ್ಲಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ನಾಗರಹೊಳೆಯಲ್ಲಿ 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ತಮ್ಮ ಹಳೆಯ ಹಾಡಿಗೆ ವಾಪಸ್ ಹೋಗಿ ಕೂತವು. ಹುಲಿ ಉಳಿಯಬೇಕು, ನನಗೂ ಅದು ಬೇಕು. ಆದರೆ ಕಾಡು ಉಳಿಸಿದ ಲೆಕ್ಕ ಬರೆಯುವಾಗ ಹೊರಗೆ ಹೋದವರ ಲೆಕ್ಕವನ್ನೂ ಬರೆಯಬೇಕು.

ಎಲ್ ಕ್ಯಾಪಿಟನ್ ಅನ್ನುವ ಆ ದೊಡ್ಡ ಬಂಡೆ ನೋಡಬೇಡಿ ಅಂತ ನಾನು ಹೇಳುತ್ತಿಲ್ಲ. ನಾನೂ ನೋಡಿದೆ, ಮಾತೇ ಹೊರಡಲಿಲ್ಲ. ಜೊತೆಗೆ ಯೊಸೆಮಿಟಿ ಹಳ್ಳಿಯ ಮ್ಯೂಸಿಯಂಗೂ ಹೋಗಿ. ಅದರ ಹಿಂದೆ ಮರದ ತೊಗಟೆಯಿಂದ ಕಟ್ಟಿದ ಮನೆಗಳಿವೆ. ನಾಲ್ಕು ಹೆಜ್ಜೆ ದೂರ, ಆದರೂ ಹೆಚ್ಚು ಜನ ಹೋಗುವುದಿಲ್ಲ.

ತುಂಗಾತೀರ

ಕಪಿಲಾ ಅವರೇ, ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಯೆಲ್ಲೋಸ್ಟೋನಿನಲ್ಲೂ ಹಾಗೇ ಆಗಿದೆ. ಅಲ್ಲಿ ತುಕುದಿಕಾ ಅನ್ನುವ ಜನ ಇದ್ದರು, ಬೆಟ್ಟದ ಕುರಿ ಬೇಟೆಯಾಡಿ ಬದುಕುತ್ತಿದ್ದವರು. ಪಾರ್ಕ್ ಆದ ಮೇಲೆ ಅವರನ್ನು ಹೊರಗೆ ಕಳಿಸಿದರು. ಪಾರ್ಕ್ ಆಗಿ ಐದೇ ವರ್ಷಕ್ಕೆ, 1877ರಲ್ಲಿ, ನೆಜ್ ಪರ್ಸ್ ಜನ ಸೈನ್ಯದಿಂದ ತಪ್ಪಿಸಿಕೊಂಡು ಅದೇ ಪಾರ್ಕಿನೊಳಗೆ ಹಾದು ಹೋದರು. ನನ್ನ ಮಗಳಿಗೆ ಇದು ತಿಳಿದದ್ದು ಒಬ್ಬ ರೇಂಜರ್‌ನಿಂದ. ಸಂಜೆ ಮಾತಿನ ಹೊತ್ತಿನಲ್ಲಿ, 'ಇವರೆಲ್ಲ ಈಗ ಎಲ್ಲಿದ್ದಾರೆ' ಅಂತ ಅವಳು ಕೇಳಿದಳು. ರೇಂಜರ್ ತಪ್ಪಿಸಿಕೊಳ್ಳಲಿಲ್ಲ. ನಿಧಾನವಾಗಿ, ಮಗುವಿಗೆ ಅರ್ಥವಾಗುವ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅದಕ್ಕೇ ನಾನು ಉಳಿಯಿರಿ ಅಂತ ಮತ್ತೆ ಮತ್ತೆ ಹೇಳುವುದು. ರೇಂಜರ್ ಮಾತು ಇರುವುದು ಸಂಜೆ. ಓಡುವವರು ಆ ಹೊತ್ತಿಗೆ ಹೈವೇಯಲ್ಲಿರುತ್ತಾರೆ.

ಶಿರಸಿ ಅಜ್ಜಿ

ಮಗಳು ಈ ಚರ್ಚೆ ತೋರಿಸಿದಳು. ಊರಿಂದ ಬಂದು ನೋಡಿ ಹೋದವಳು ನಾನು, ನನ್ನದೂ ಒಂದೆರಡು ಮಾತು ಬರೆಯುತ್ತೇನೆ.

ನಾವು ಹೋದದ್ದು ಸೆಕ್ವೊಯಾ ಪಾರ್ಕಿಗೆ. ಜನರಲ್ ಶೆರ್ಮನ್ ಅನ್ನುವ ಮರ ಇದೆ. 83 ಮೀಟರ್ ಎತ್ತರ, 2,000 ವರ್ಷಕ್ಕಿಂತ ಹೆಚ್ಚು ವಯಸ್ಸು. ಅದಕ್ಕಿಂತ ಎತ್ತರದ ಮರ ಬೇರೆ ಇವೆಯಂತೆ, ಆದರೆ ಗಾತ್ರದಲ್ಲಿ ಇದನ್ನು ಮೀರಿಸಿದ್ದಿಲ್ಲ. ಎಲ್ಲರೂ ಅದರ ಮುಂದೆ ನಿಲ್ಲುತ್ತಾರೆ. ನನಗೆ ಮನಸ್ಸು ನಿಂತದ್ದು ಹುಲ್ಲುಗಾವಲಿನ ಸುತ್ತ ಹೋಗುವ ಬಿಗ್ ಟ್ರೀಸ್ ದಾರಿಯಲ್ಲಿ. ಒಂದು ಮೈಲಿ ಇರಬಹುದು, ಏರಿಳಿತ ಇಲ್ಲ. ಆ ಮರದ ತೊಗಟೆ ತೆಂಗಿನ ನಾರಿನ ಹಾಗೆ ಮೆತ್ತಗೆ ಇರುತ್ತದೆ. ಕೆಲವು ಕಡೆ ಎರಡು ಅಡಿ ದಪ್ಪ. ಅದಕ್ಕೇ ಸಣ್ಣ ಬೆಂಕಿ ಅದನ್ನು ಏನೂ ಮಾಡುವುದಿಲ್ಲ.

ಬೆಂಕಿ ಇಲ್ಲದಿದ್ದರೆ ಆ ಮರಕ್ಕೆ ಮಕ್ಕಳಿಲ್ಲ ಅಂತ ರೇಂಜರ್ ಹೇಳಿದ್ದನ್ನು ಮಗಳು ಕನ್ನಡದಲ್ಲಿ ಹೇಳಿದಳು. ಬಿಸಿ ತಾಗಿದರೆ ಕಾಯಿ ಬಿರಿದು ಬೀಜ ಬೀಳುತ್ತದೆ. ನೆಲದ ಕಸ ಸುಟ್ಟು ಬರಿ ಮಣ್ಣು ಕಂಡರೆ ಮಾತ್ರ ಸಸಿ ಏಳುತ್ತದೆ. ಬಹಳ ವರ್ಷ ಎಲ್ಲ ಬೆಂಕಿಯನ್ನೂ ಆರಿಸಿ ಆರಿಸಿ ಸಸಿಯೇ ಇಲ್ಲದ ಹಾಗೆ ಆಗಿತ್ತು. ಕಾಡಿನಲ್ಲಿ ಕಸ ಕೂಡಿತು. ಈಗ ಬೆಂಕಿ ಬಿದ್ದರೆ ಮರದ ತಲೆಯವರೆಗೂ ಏರುತ್ತದೆ. 2020, 2021ರಲ್ಲಿ ಸಾವಿರಾರು ದೊಡ್ಡ ಮರ ಸತ್ತವು. ಶೆರ್ಮನ್ ಮರದ ಬುಡಕ್ಕೆ ಬೆಂಕಿ ತಡೆಯುವ ಬೆಳ್ಳಿ ಬಣ್ಣದ ಹಾಳೆ ಸುತ್ತಿದ್ದರಂತೆ. ನಾನು ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ಅಡಿಕೆ ತೋಟಕ್ಕೆ ಹಾಕಿದವಳು. ಬೆಟ್ಟದಲ್ಲಿ ದರಕು ಕೂಡಿದರೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು. ನಮ್ಮಲ್ಲಿ ಬಂಡೀಪುರಕ್ಕೆ ಹೋದರೆ ಜೀಪಿನಿಂದ ಕೆಳಗೆ ಕಾಲಿಡುವ ಹಾಗಿಲ್ಲ. ಆನೆ, ಹುಲಿ ಇರುವ ಕಾಡು, ಅದು ಸರಿಯೇ. ಇಲ್ಲಿ ಕಾಡಿನ ಒಳಗೆ ನಡೆಯಲು ಬಿಡುತ್ತಾರೆ. ಆದರೆ ಕರಡಿ ಇದೆ. ತಿಂಡಿಯನ್ನೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗದ ಕೊಕ್ಕೆ ಹಾಕಬೇಕು. ಚಕ್ಕುಲಿ, ಅಪ್ಪೆಮಿಡಿ ಉಪ್ಪಿನಕಾಯಿ, ಕೊನೆಗೆ ಟೂತ್‌ಪೇಸ್ಟ್ ಕೂಡ. ವಾಸನೆ ಬಂದರೆ ಕಾರಿನ ಬಾಗಿಲನ್ನೇ ಮುರಿಯುತ್ತದಂತೆ. ಮನುಷ್ಯರ ತಿಂಡಿಯ ರುಚಿ ಹತ್ತಿದ ಕರಡಿಯನ್ನು ಎಷ್ಟೋ ಸಲ ಕೊಲ್ಲಬೇಕಾಗುತ್ತದೆ. ಹಾಗಾಗಿ ಈ ನಿಯಮ ನಮಗಿಂತ ಕರಡಿಗಾಗಿ. ಎಲ್ಲರೂ ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಅದನ್ನು ನೋಡಿ ಮನಸ್ಸು ತುಂಬಿತು.

ರಾಯಚೂರಿನ ತಮ್ಮ ಕೇಳಿದ್ದಾನೆ, ಬೇಜಾರಾಗಲ್ವಾ ಅಂತ. ಇಲ್ಲಪ್ಪಾ. ದಿನಾ ಪೆಟ್ಟಿಗೆ ಕಟ್ಟಿ, ದಿನಾ ಹೊಸ ಹೋಟೆಲಿನಲ್ಲಿ ಹೊಸ ಬಚ್ಚಲು ಕಲಿಯುವುದೇ ನಮ್ಮ ವಯಸ್ಸಿಗೆ ಕಷ್ಟ. ಒಂದೇ ಕಡೆ ಇದ್ದರೆ ಬೆಳಗ್ಗೆ ಎದ್ದು ನಾನೇ ಹೊರಗೆ ಹೋಗಿ ಕೂರಬಹುದು. ಯಾರನ್ನೂ ಕಾಯಬೇಕಿಲ್ಲ.

ಬಯಲುಸೀಮೆ

ಅಜ್ಜಿ, ಈ ಕೊನೆಯ ಮಾತು ನಾನು ಯೋಚಿಸಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅತ್ತೆ ಮಾವ ಬರುತ್ತಾರೆ. ಮಾವನಿಗೆ ಬಿಪಿ ಇದೆ. ಯೆಲ್ಲೋಸ್ಟೋನ್ ಒಂದನ್ನೇ ಇಟ್ಟುಕೊಳ್ಳೋಣ ಅಂತ ಮನೆಯಲ್ಲಿ ಮಾತಾಗುತ್ತಿದೆ. ಆದರೂ ನಡುವಿನ ಖಾಲಿ ರಸ್ತೆಯ ಖುಷಿಯನ್ನು ನಾನು ಬಿಟ್ಟುಕೊಡುವುದಿಲ್ಲ. ಸಾಲ್ಟ್ ಲೇಕ್ ಸಿಟಿಯವರೆಗೆ ವಿಮಾನ, ಅಲ್ಲಿಂದ ಕಾರು. ಪಾಸ್ ವಿಷಯ ಗೊತ್ತಿದ್ದವರು ಹೇಳಿ. ಊರಿಂದ ಬಂದವರಿಗೆ ಬೇರೆ ದರ ಅಂತ ಕೇಳಿದೆ.

ಕಲ್ಲುಬಂಡೆ

ಹೌದು. 2026ರಿಂದ ವಾರ್ಷಿಕ ಪಾಸಿಗೆ ಅಮೆರಿಕದ ನಿವಾಸಿಗಳಿಗೆ 80 ಡಾಲರ್, ಹೊರದೇಶದವರಿಗೆ 250 ಡಾಲರ್. ಪಾಸ್ ಇಲ್ಲದ ಹೊರದೇಶದವರು ಹೆಚ್ಚು ಜನ ಹೋಗುವ 11 ಪಾರ್ಕುಗಳಲ್ಲಿ ಒಬ್ಬೊಬ್ಬರೂ 100 ಡಾಲರ್ ಹೆಚ್ಚುವರಿ ಕೊಡಬೇಕು. ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನಿಯನ್, ಯೊಸೆಮಿಟಿ, ಜಯಾನ್ ಎಲ್ಲವೂ ಆ ಪಟ್ಟಿಯಲ್ಲಿವೆ. ಸ್ವಂತ ಗುರುತಿನ ಚೀಟಿ ಜೊತೆಗಿರಲಿ. ನಿಯಮದ ವಿವರವನ್ನು ಹೊರಡುವ ಮುಂಚೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಪುಟದಲ್ಲೇ ಓದಿಕೊಳ್ಳಿ. ನನಗೆ ಈ ಬದಲಾವಣೆ ಇಷ್ಟವಾಗಲಿಲ್ಲ. ಮೊಮ್ಮಕ್ಕಳನ್ನು ನೋಡಲು ಬಂದ ಅಜ್ಜ ಅಜ್ಜಿಗೆ ಒಂದು ಪಾರ್ಕಿನ ಗೇಟಿಗೇ 200 ಡಾಲರ್ ಅಂದರೆ ದೊಡ್ಡ ಹೊರೆ.

ನಡೆಯಲು ಕಷ್ಟ ಇರುವವರ ಜೊತೆ ಗ್ರ್ಯಾಂಡ್ ಕ್ಯಾನಿಯನ್ನಿಗೆ ಹೋಗುವವರಿಗೆ: ಹರ್ಮಿಟ್ ರಸ್ತೆಯಲ್ಲಿ ಮಾರ್ಚ್‌ನಿಂದ ನವೆಂಬರ್ ತನಕ ಸ್ವಂತ ಕಾರು ಬಿಡುವುದಿಲ್ಲ. ಆದರೆ ವಿಸಿಟರ್ ಸೆಂಟರ್‌ನಲ್ಲೋ ಗೇಟಿನಲ್ಲೋ ಕೇಳಿದರೆ ಅಂಥವರ ಕಾರಿಗೆ ಅನುಮತಿ ಚೀಟಿ ಕೊಡುತ್ತಾರೆ. ಹಿಂಜರಿಯದೆ ಕೇಳಿ.

ಕಪಿಲಾ

ಮಕ್ಕಳಿದ್ದರೆ ಜೂನಿಯರ್ ರೇಂಜರ್ ಪುಸ್ತಕ ಮರೆಯಬೇಡಿ. ಪಾರ್ಕಿನ ಬಗ್ಗೆ ಪ್ರಶ್ನೆ, ಚಿತ್ರ ಎಲ್ಲ ಇರುತ್ತದೆ. ತುಂಬಿಸಿ ಕೊಟ್ಟರೆ ರೇಂಜರ್ ಪ್ರತಿಜ್ಞೆ ಮಾಡಿಸಿ ಬ್ಯಾಡ್ಜ್ ಕೊಡುತ್ತಾರೆ. ದೊಡ್ಡವರೂ ಮಾಡಬಹುದು. ನಮ್ಮ ಮನೆಯಲ್ಲಿ ಅಮ್ಮ ಮತ್ತು ಮಗ ಸೇರಿ ಮಾಡಿದರು. ಅವನು ಇಂಗ್ಲಿಷಿನಲ್ಲಿ ಓದಿ ಹೇಳುವುದು, ಅಮ್ಮ ಹಕ್ಕಿ, ಎಲೆ ಹುಡುಕಿ ತೋರಿಸುವುದು. ಅವನಿಗಿಂತ ಮೊದಲು ಎಲ್ಲವೂ ಅಮ್ಮನ ಕಣ್ಣಿಗೇ ಬೀಳುತ್ತಿತ್ತು. ಅವನು ಅಜ್ಜಿಯನ್ನು ನೋಡುವ ರೀತಿಯೇ ಬದಲಾಯಿತು.

ತುಂಗಾತೀರ

ಬಯಲುಸೀಮೆ ಅವರೇ, ಮಾವನವರ ಬಿಪಿ ವಿಷಯ ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಯೆಲ್ಲೋಸ್ಟೋನ್ ಬಹುಪಾಲು 7,000 ಅಡಿಗೂ ಮೇಲಿದೆ. ಮೊದಲ ದಿನ ಹೆಚ್ಚು ನಡೆಸಬೇಡಿ, ನೀರು ಜಾಸ್ತಿ ಕುಡಿಸಿ. ಪಾರ್ಕಿನ ಒಳಗೆ ಫೋನ್ ಸಿಗ್ನಲ್ ಸುಮಾರು ಕಡೆ ಇರುವುದಿಲ್ಲ, ನಕ್ಷೆಯನ್ನು ಮುಂಚೆಯೇ ಫೋನಿಗೆ ಇಳಿಸಿಕೊಳ್ಳಿ. ಜೂನ್‌ನಲ್ಲೂ ಸ್ವೆಟರ್, ಟೋಪಿ ಬೇಕು. ಬೈಸನ್ ರಸ್ತೆ ಪಕ್ಕದಲ್ಲೇ ಮೇಯುತ್ತಿರುತ್ತದೆ, ನಮ್ಮ ಎಮ್ಮೆಗಳ ಹಾಗೆ ಸಾಧು ಅಂದುಕೊಂಡು ಯಾರೂ ಹತ್ತಿರ ಹೋಗಬಾರದು. 25 ಗಜ ದೂರ ಇರಬೇಕು, ಕರಡಿ ಮತ್ತು ತೋಳಕ್ಕಾದರೆ 100 ಗಜ.

ಒಳಗಿನ ಕೋಣೆಗಳ ಬುಕಿಂಗ್ ಒಂದು ವರ್ಷಕ್ಕೂ ಮುಂಚೆ ತೆರೆಯುತ್ತದೆ, ಬೇಗ ತುಂಬುತ್ತದೆ. ಸಿಗಲಿಲ್ಲ ಅಂತ ಬಿಟ್ಟುಬಿಡಬೇಡಿ. ಜನ ರದ್ದು ಮಾಡುತ್ತಲೇ ಇರುತ್ತಾರೆ, ದಿನಾ ಬೆಳಗ್ಗೆ ಒಮ್ಮೆ ನೋಡುತ್ತಿರಿ. ಮೊದಲ ಕೆಲವು ದಿನ ಓಲ್ಡ್ ಫೇತ್‌ಫುಲ್ ಹತ್ತಿರ, ಕೊನೆಯ ಕೆಲವು ದಿನ ಉತ್ತರದ ಕಡೆ ಸಿಕ್ಕರೆ ಲಮಾರ್ ಕಣಿವೆಗೂ ಹತ್ತಿರವಾಗುತ್ತದೆ. ತಾರೀಕು ಗೊತ್ತಾದ ಮೇಲೆ ಇಲ್ಲೇ ಬರೆಯಿರಿ. ಆ ಹೊತ್ತಿಗೆ ನಾವೂ ಅಲ್ಲಿದ್ದರೆ ನಮ್ಮ ದುರ್ಬೀನು ಮಾವನವರಿಗೂ ಸಿಗುತ್ತದೆ.